ಝರಿಯಾ ಕಲ್ಲಿದ್ದಲು ಕ್ಷೇತ್ರದ ಅಂತರ್ಜಲ ಗುಣಮಟ್ಟದ ಮೇಲ್ವಿಚಾರಣೆ

ಝರಿಯಾ ಕಲ್ಲಿದ್ದಲು ಕ್ಷೇತ್ರದ ಅಂತರ್ಜಲ ಗುಣಮಟ್ಟದ ಮೇಲ್ವಿಚಾರಣೆ ಎಂದರೆ ಜಾರ್ಖಂಡ್ ರಾಜ್ಯದ ಧನಬಾದ್ ಜಿಲ್ಲೆಯ ಝರಿಯಾ ಗಣಿ ಪ್ರದೇಶದಲ್ಲಿಯೂ ಅದರ ಆಸುಪಾಸಿನ ಊರುಗಳಲ್ಲಿಯೂ ಇರುವ ತೆರೆದ ಬಾವಿ, ಕೈಪಂಪು ಮತ್ತು ಕೊಳವೆಬಾವಿಗಳ ನೀರಿನ ಮಟ್ಟವನ್ನೂ ಆ ನೀರಿನಲ್ಲಿ ಕರಗಿರುವ ವಸ್ತುಗಳನ್ನೂ ನಿಯತಕಾಲಗಳಲ್ಲಿ ಅಳೆದು, ದಾಖಲಿಸಿ, ಹಿಂದಿನ ದಾಖಲೆಗಳೊಡನೆ ಹೋಲಿಸಿ ನೋಡುವ ಕಾರ್ಯ. ಈ ಕಾರ್ಯವು ಕೇಂದ್ರ ಪರಿಸರ ಮಂತ್ರಾಲಯವು ಗಣಿಗಳಿಗೆ ನೀಡುವ ಪರಿಸರ ಅನುಮತಿಯ ಷರತ್ತುಗಳಲ್ಲಿ ಒಂದು. ಗಣಿಯ ಅಂಚಿನಲ್ಲಿ ವಾಸಿಸುವ ಅನೇಕ ಕುಟುಂಬಗಳು ಇಂದಿಗೂ ಬಾವಿ ಮತ್ತು ಕೈಪಂಪುಗಳ ನೀರನ್ನೇ ಅವಲಂಬಿಸಿರುವುದರಿಂದ ಇದು ಕೇವಲ ಕಚೇರಿಯ ಕಡತಕ್ಕೆ ಸಂಬಂಧಿಸಿದ ವಿಷಯವಲ್ಲ.

ಹಿನ್ನೆಲೆ

ಝರಿಯಾ ಕ್ಷೇತ್ರವು ದಾಮೋದರ ನದಿಯ ಕಣಿವೆಯಲ್ಲಿ ಸುಮಾರು 450 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಹರಡಿದೆ. ಉಕ್ಕಿನ ಕುಲುಮೆಗಳಿಗೆ ಬೇಕಾದ ಉತ್ತಮ ದರ್ಜೆಯ ಕೋಕಿಂಗ್ ಕಲ್ಲಿದ್ದಲಿಗೆ ಇದು ಭಾರತದಲ್ಲಿಯೇ ಪ್ರಸಿದ್ಧವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೈಲುಮಾರ್ಗ ಬಂದ ಮೇಲೆ ಇಲ್ಲಿ ಗಣಿಗಾರಿಕೆ ವೇಗವಾಗಿ ಬೆಳೆಯಿತು. 1971–72ರಲ್ಲಿ ಕೋಕಿಂಗ್ ಕಲ್ಲಿದ್ದಲು ಗಣಿಗಳು ರಾಷ್ಟ್ರೀಕರಣಗೊಂಡವು. ಅವುಗಳಲ್ಲಿ ಹೆಚ್ಚಿನವು ಈಗ ಕೋಲ್ ಇಂಡಿಯಾದ ಅಂಗಸಂಸ್ಥೆಯಾದ ಭಾರತ್ ಕೋಕಿಂಗ್ ಕೋಲ್ ಲಿಮಿಟೆಡ್ (ಬಿಸಿಸಿಎಲ್) ಅಧೀನದಲ್ಲಿವೆ. ಟಾಟಾ ಸ್ಟೀಲ್ ಮತ್ತು ಸ್ಟೀಲ್ ಅಥಾರಿಟಿ ಆಫ್ ಇಂಡಿಯಾ ಸಂಸ್ಥೆಗಳ ಗಣಿಗಳೂ ಇಲ್ಲಿವೆ.

ರಾಷ್ಟ್ರೀಕರಣಕ್ಕೆ ಮೊದಲು ಅನೇಕ ಖಾಸಗಿ ಒಡೆಯರು ತಮತಮಗೆ ತೋಚಿದಂತೆ ಸುರಂಗಗಳನ್ನು ಕೊರೆದಿದ್ದರು. ಕಲ್ಲಿದ್ದಲು ತೆಗೆದ ಮೇಲೆ ಉಳಿದ ಪೊಳ್ಳುಗಳನ್ನು ಎಲ್ಲೆಡೆಯೂ ಮರಳಿನಿಂದ ತುಂಬಲಿಲ್ಲ, ಎಲ್ಲದಕ್ಕೂ ನಂಬಬಹುದಾದ ನಕ್ಷೆಗಳೂ ಉಳಿಯಲಿಲ್ಲ. 1916ರಲ್ಲಿ ಮೊದಲು ದಾಖಲಾದ ಭೂಗತ ಬೆಂಕಿ ಇಂದಿಗೂ ಕೆಲವೆಡೆ ಉರಿಯುತ್ತಿದೆ. ಝರಿಯಾ ಎಂದೊಡನೆ ಓದುಗರಿಗೆ ನೆನಪಾಗುವುದು ಈ ಬೆಂಕಿಯೇ. ಆದರೆ ಆ ನೆಲದೊಳಗಿನ ಪೊಳ್ಳುಗಳಲ್ಲಿ ಬೆಂಕಿಯಷ್ಟೇ ಅಪಾರವಾಗಿ ನೀರೂ ಇದೆ. 1975ರ ಡಿಸೆಂಬರ್ 27ರಂದು ಚಾಸನಾಲಾ ಗಣಿಯೊಳಕ್ಕೆ, ನೀರು ತುಂಬಿದ್ದ ಹಳೆಯ ಗಣಿಭಾಗದಿಂದ ಪ್ರವಾಹ ನುಗ್ಗಿ 375 ಕಾರ್ಮಿಕರು ಸತ್ತರು. ನೆಲದೊಳಗೆ ನೀರು ಎಲ್ಲಿ, ಎಷ್ಟು, ಯಾವ ಮಟ್ಟದಲ್ಲಿ ನಿಂತಿದೆ ಎಂಬುದನ್ನು ತಿಳಿಯದಿದ್ದರೆ ಏನಾಗಬಹುದು ಎಂಬುದಕ್ಕೆ ಈ ದುರಂತ ಸಾಕ್ಷಿ.

ಭೂರಚನೆ ಮತ್ತು ಜಲಧರಗಳು

ಇಲ್ಲಿನ ಕಲ್ಲಿದ್ದಲು ಗೊಂಡ್ವಾನಾ ಕಾಲದ ಶಿಲೆಗಳಲ್ಲಿದೆ. ಬರಾಕರ್ ಮತ್ತು ರಾಣಿಗಂಜ್ ಎಂಬ ಎರಡು ಶಿಲಾಸಮೂಹಗಳಲ್ಲಿ ಮರಳುಗಲ್ಲು, ಜೇಡಿಗಲ್ಲು ಮತ್ತು ಕಲ್ಲಿದ್ದಲಿನ ಪದರಗಳು ಒಂದರ ಮೇಲೊಂದು ಬರುತ್ತವೆ. ಹೆಸರು ಮರಳುಗಲ್ಲಾದರೂ ಇದು ಗಟ್ಟಿಯಾಗಿ ಬೆಸೆದುಕೊಂಡ ಶಿಲೆ. ನದಿಯ ಮರಳಿನಂತೆ ನೀರನ್ನು ಧಾರಾಳವಾಗಿ ಹಿಡಿದಿಡುವುದಿಲ್ಲ. ಮೇಲ್ಭಾಗದ ಶಿಥಿಲಗೊಂಡ ಪದರದಲ್ಲಿಯೂ ಕೆಳಗಿನ ಬಿರುಕು, ಸ್ತರಭಂಗಗಳಲ್ಲಿಯೂ ನೀರು ಸಂಚರಿಸುತ್ತದೆ. ತೆರೆದ ಬಾವಿಗಳು ಮೇಲಿನ ಪದರದ ನೀರನ್ನು ಪಡೆದರೆ, ಆಳದ ಕೊಳವೆಬಾವಿಗಳು ಬಿರುಕುಗಳ ನೀರನ್ನು ಪಡೆಯುತ್ತವೆ. ಒಂದೇ ಊರಿನಲ್ಲಿ ಅಕ್ಕಪಕ್ಕದ ಎರಡು ಬಾವಿಗಳ ನೀರಿನ ರುಚಿ ಬೇರೆಬೇರೆಯಾಗಿರುವುದಕ್ಕೆ ಇದೇ ಕಾರಣ. ಒಂದೇ ಬಾವಿಯ ಫಲಿತಾಂಶವನ್ನು ಇಡೀ ಊರಿಗೆ ಅನ್ವಯಿಸಬಾರದೆಂಬ ನಿಯಮ ಹುಟ್ಟಿದ್ದೂ ಇದರಿಂದಲೇ.

ಗಣಿಯು ನೀರನ್ನು ಬದಲಿಸುವ ಬಗೆ

ಮೊದಲು ಬದಲಾಗುವುದು ನೀರಿನ ಮಟ್ಟ. ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಅಗೆದಾಗ ಗಣಿಯೊಳಗೆ ನೀರು ಒಸರುತ್ತದೆ. ಅದನ್ನು ಹಗಲಿರುಳು ಪಂಪುಗಳಿಂದ ಹೊರಹಾಕದಿದ್ದರೆ ಕೆಲಸ ನಡೆಯದು. ಹೀಗೆ ಎತ್ತುತ್ತ ಹೋದಂತೆ ಗಣಿಯ ಸುತ್ತ ನೀರಿನ ಮಟ್ಟವು ಆಲಿಕೆಯ ಆಕಾರದಲ್ಲಿ ತಗ್ಗುತ್ತದೆ. ಆ ಆಲಿಕೆಯ ಅಂಚು ಎಷ್ಟು ದೂರ ಹೋಗಿದೆ ಎಂಬುದೇ ಊರಿನವರಿಗೂ ಗಣಿಯವರಿಗೂ ನಡುವಣ ವಿವಾದದ ಮೂಲ. ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಅದು ಮಳೆ ಕಡಿಮೆಯಾದುದರಿಂದಲೋ ಗಣಿಯ ಪಂಪುಗಳಿಂದಲೋ ಎಂಬುದನ್ನು ಹಲವು ವರ್ಷಗಳ ಅಳತೆಯಿಲ್ಲದೆ ಹೇಳಲಾಗದು. ನೆಲ ಕುಸಿದು ಬಿರುಕು ಬಿಟ್ಟ ಕಡೆ ಮೇಲಿನ ಪದರದ ನೀರು ನೇರವಾಗಿ ಸುರಂಗಕ್ಕೆ ಇಳಿದುಹೋಗುವುದೂ ಉಂಟು.

ಎರಡನೆಯದು ನೀರಿನ ರಸಾಯನ. ಕಲ್ಲಿದ್ದಲಿನಲ್ಲಿಯೂ ಅದರ ಜೊತೆಯ ಜೇಡಿಗಲ್ಲಿನಲ್ಲಿಯೂ ಪೈರೈಟ್ ಎಂಬ ಕಬ್ಬಿಣ ಮತ್ತು ಗಂಧಕದ ಖನಿಜವಿರುತ್ತದೆ. ನೆಲದಾಳದಲ್ಲಿ ಗಾಳಿಯ ಸೋಂಕಿಲ್ಲದೆ ಅದು ತೆಪ್ಪಗಿರುತ್ತದೆ. ಅಗೆತದಿಂದ ಗಾಳಿಯೂ ನೀರೂ ತಾಗಿದಾಗ ಆಮ್ಲಜನಕದೊಡನೆ ಬೆರೆತು ಗಂಧಕಾಮ್ಲವನ್ನೂ ಕರಗಿದ ಕಬ್ಬಿಣವನ್ನೂ ಬಿಡುಗಡೆ ಮಾಡುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಈ ಕ್ರಿಯೆಯನ್ನು ಬಹುಪಾಲು ತ್ವರೆಗೊಳಿಸುತ್ತವೆ. ಆಮ್ಲವು ಸುತ್ತಲಿನ ಶಿಲೆಯಿಂದ ಮ್ಯಾಂಗನೀಸ್, ಅಲ್ಯೂಮಿನಿಯಂ, ಸತು ಮೊದಲಾದ ಲೋಹಗಳನ್ನು ಕರಗಿಸಿಕೊಳ್ಳುತ್ತದೆ. ಇಂತಹ ನೀರು ಹೊರಬಂದು ಗಾಳಿಗೆ ಒಡ್ಡಿಕೊಂಡಾಗ ಕಬ್ಬಿಣವು ಕಾವಿಬಣ್ಣದ ರಾಡಿಯಾಗಿ ಹಳ್ಳದ ತಳದಲ್ಲಿ ಕೂರುತ್ತದೆ.

ಆದರೆ ಈ ವಿವರಣೆಯನ್ನು ಝರಿಯಾಕ್ಕೆ ಹಾಗೆಯೇ ಹೊಂದಿಸುವುದು ತಪ್ಪು. ಪಠ್ಯಪುಸ್ತಕಗಳು ಹಾಗೂ ಪತ್ರಿಕಾ ಲೇಖನಗಳು ಹಲವು ಬಾರಿ ಹಾಗೆ ಮಾಡುತ್ತವೆ. ಗೊಂಡ್ವಾನಾ ಕಲ್ಲಿದ್ದಲಿನಲ್ಲಿ ಗಂಧಕದ ಅಂಶ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಜೊತೆಗೆ ಶಿಲೆಗಳಲ್ಲಿರುವ ಕಾರ್ಬೊನೇಟ್ ಖನಿಜಗಳು ಹುಟ್ಟಿದ ಆಮ್ಲವನ್ನು ಅಲ್ಲಿಯೇ ತಣಿಸುತ್ತವೆ. ಆದ್ದರಿಂದ ಝರಿಯಾದ ಗಣಿನೀರು ಬಹುಮಟ್ಟಿಗೆ ತಟಸ್ಥ ಅಥವಾ ಸ್ವಲ್ಪ ಕ್ಷಾರೀಯ. ತೀವ್ರ ಆಮ್ಲೀಯ ಗಣಿನೀರಿನ ಉದಾಹರಣೆಗೆ ಮೇಘಾಲಯದ ಜೈಂತಿಯಾ ಬೆಟ್ಟಗಳತ್ತ ನೋಡಬೇಕು. ಅಲ್ಲಿನ ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚು. ಇಲಿಬಿಲದಂತಹ ಗಣಿಗಳಿಂದ ಹರಿದ ನೀರು ತೊರೆಗಳನ್ನು ಜೀವರಹಿತ ಮಾಡಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014ರಲ್ಲಿ ಆ ಬಗೆಯ ಗಣಿಗಾರಿಕೆಯನ್ನು ನಿಷೇಧಿಸಿತು.

ಆಮ್ಲವು ತಣಿಯಿತೆಂದರೆ ತೊಂದರೆ ಮುಗಿಯಿತೆಂದಲ್ಲ. ತಣಿಸುವ ಕ್ರಿಯೆಯಲ್ಲಿಯೇ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ನೀರಿಗೆ ಸೇರುತ್ತವೆ, ಸಲ್ಫೇಟ್ ಉಳಿದುಕೊಳ್ಳುತ್ತದೆ. ಝರಿಯಾದ ಗಣಿನೀರಿನ ಮುಖ್ಯ ದೋಷವೆಂದರೆ ಈ ಗಡಸುತನ, ಸಲ್ಫೇಟ್ ಮತ್ತು ಕರಗಿದ ಲವಣಗಳ ಆಧಿಕ್ಯ. ಅಂತಹ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಸಾಬೂನು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಸಲ್ಫೇಟ್ ಹೆಚ್ಚಾದರೆ, ಅದರಲ್ಲಿಯೂ ಮೆಗ್ನೀಸಿಯಂ ಜೊತೆಗೂಡಿದರೆ, ಹೊಸಬರಿಗೆ ಭೇದಿಯಾಗಬಹುದು.

ಇವಲ್ಲದೆ ಸ್ಫೋಟಕಗಳಲ್ಲಿ ಬಳಸುವ ಅಮೋನಿಯಂ ನೈಟ್ರೇಟ್‌ನ ಉಳಿಕೆಯಿಂದ ನೈಟ್ರೇಟ್, ಯಂತ್ರಗಳ ಕಾರ್ಯಾಗಾರದಿಂದ ಎಣ್ಣೆ ಮತ್ತು ಗ್ರೀಸ್, ಮೇಲ್ಮಣ್ಣಿನ ರಾಶಿಗಳ ಮೇಲೆ ಬಿದ್ದ ಮಳೆನೀರಿನೊಡನೆ ಲವಣ ಹಾಗೂ ಲೋಹಗಳ ಅಂಶ ಅಂತರ್ಜಲವನ್ನು ಸೇರಬಹುದು. ನೈಟ್ರೇಟ್ ಕಂಡೊಡನೆ ಗಣಿಯನ್ನೇ ದೂರುವಂತಿಲ್ಲ. ಕೊಟ್ಟಿಗೆಯ ತಿಪ್ಪೆ, ಶೌಚಗುಂಡಿ, ಹೊಲಕ್ಕೆ ಹಾಕಿದ ಗೊಬ್ಬರಗಳೂ ಅದರ ಮೂಲಗಳೇ. ಫ್ಲೋರೈಡ್ ಬಹುಮಟ್ಟಿಗೆ ಶಿಲೆಯಿಂದಲೇ ಬರುವಂತಹುದು.

ಕಾನೂನಿನ ಚೌಕಟ್ಟು

ಜಲ ಮಾಲಿನ್ಯ ನಿಯಂತ್ರಣ ಕಾಯಿದೆ 1974 ಮತ್ತು ಪರಿಸರ ಸಂರಕ್ಷಣಾ ಕಾಯಿದೆ 1986 ಇದರ ತಳಹದಿ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಗಣಿಗೆ ಪೂರ್ವಾನುಮತಿ ಬೇಕು. ಅಧ್ಯಯನದಲ್ಲಿ ಗಣಿಯ ಎಲ್ಲೆಯೊಳಗಿನ ಭಾಗವನ್ನೂ ಎಲ್ಲೆಯಿಂದ 10 ಕಿಲೋಮೀಟರ್‌ವರೆಗಿನ ಭಾಗವನ್ನೂ ಪರಿಗಣಿಸುವುದು ರೂಢಿ. ಝರಿಯಾದಲ್ಲಿ ಗಣಿಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬಿಸಿಸಿಎಲ್ ಗಣಿಗಳನ್ನು ಕ್ಲಸ್ಟರ್‌ಗಳಾಗಿ ವಿಂಗಡಿಸಿ ಅನುಮತಿ ನೀಡಲಾಗಿದೆ.

ಅನುಮತಿಯ ಸಾಮಾನ್ಯ ಷರತ್ತಿನಂತೆ ಅಂತರ್ಜಲದ ಮಟ್ಟ ಮತ್ತು ಗುಣಮಟ್ಟವನ್ನು ವರ್ಷಕ್ಕೆ ನಾಲ್ಕು ಬಾರಿ ನೋಡಬೇಕು: ಮುಂಗಾರಿಗೆ ಮೊದಲು ಏಪ್ರಿಲ್–ಮೇ, ಮಳೆಗಾಲದಲ್ಲಿ ಆಗಸ್ಟ್, ಮಳೆಯ ನಂತರ ನವೆಂಬರ್, ಚಳಿಗಾಲದಲ್ಲಿ ಜನವರಿ. ಇರುವ ಬಾವಿಗಳ ಜೊತೆಗೆ ಹೊಸ ಪೀಜೋಮೀಟರ್‌ಗಳನ್ನೂ ಕೊರೆಯಬೇಕು. ಷರತ್ತುಗಳ ಪಾಲನಾ ವರದಿಯನ್ನು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಸಲ್ಲಿಸಬೇಕು. ಈ ವರದಿಗಳು ಸಾರ್ವಜನಿಕ ದಾಖಲೆಗಳು, ಯಾರು ಬೇಕಾದರೂ ಕೇಳಿ ನೋಡಬಹುದು.

ಗಣಿಯಿಂದ ಹೊರಬಿಡುವ ನೀರಿಗೆ ಬೇರೆಯೇ ಮಾನದಂಡವಿದೆ. 2000ನೆಯ ಇಸವಿಯ ಅಧಿಸೂಚನೆಯಂತೆ ಕಲ್ಲಿದ್ದಲು ಗಣಿಗಳು ಹದಿನೈದು ದಿನಕ್ಕೊಮ್ಮೆ ಹೊರಹರಿವಿನ ಪಿಎಚ್, ತೇಲುವ ಘನವಸ್ತು, ಎಣ್ಣೆ ಮತ್ತು ಗ್ರೀಸ್, ರಾಸಾಯನಿಕ ಆಮ್ಲಜನಕ ಬೇಡಿಕೆ ಹಾಗೂ ನೈಟ್ರೇಟ್ ರೂಪದ ಸಾರಜನಕವನ್ನು ಪರೀಕ್ಷಿಸಬೇಕು. ಪಿಎಚ್ 5.5ರಿಂದ 9.0ರೊಳಗಿದ್ದರೆ ಸಾಕು. ಝರಿಯಾದ ನೀರಿನ ನಿಜವಾದ ದೋಷಗಳಾದ ಗಡಸುತನ ಮತ್ತು ಸಲ್ಫೇಟ್ ಈ ಹದಿನೈದು ದಿನದ ಪಟ್ಟಿಯಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ಹೊರಹರಿವಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರು ಕುಡಿಯಲು ಯೋಗ್ಯವೆಂದು ಭಾವಿಸುವುದು ಅಪಾಯಕರ.

ಗಣಿಗಾಗಿ ಅಂತರ್ಜಲ ಎತ್ತಲು 1997ರಲ್ಲಿ ರಚನೆಯಾದ ಕೇಂದ್ರ ಅಂತರ್ಜಲ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರವೂ ಬೇಕು.

ಯಾರು ನಡೆಸುತ್ತಾರೆ

ಕೋಲ್ ಇಂಡಿಯಾ ಸಮೂಹದ ಗಣಿಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ರಾಂಚಿಯಲ್ಲಿ ಕೇಂದ್ರ ಕಚೇರಿಯಿರುವ ಸೆಂಟ್ರಲ್ ಮೈನ್ ಪ್ಲಾನಿಂಗ್ ಅಂಡ್ ಡಿಸೈನ್ ಇನ್ಸ್ಟಿಟ್ಯೂಟ್ ಮಾಡುತ್ತದೆ. ಅದೂ ಕೋಲ್ ಇಂಡಿಯಾದ ಅಂಗಸಂಸ್ಥೆಯೇ. ಇದರಿಂದ ಸ್ವತಂತ್ರವಾಗಿ ಕೇಂದ್ರ ಅಂತರ್ಜಲ ಮಂಡಳಿಯು ತನ್ನ ವೀಕ್ಷಣಾ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಸಲ ಮಟ್ಟವನ್ನು ಅಳೆಯುತ್ತದೆ. ಆದರೆ ಆ ಬಾವಿಗಳು ಜಿಲ್ಲೆಯಾದ್ಯಂತ ವಿರಳವಾಗಿ ಹರಡಿರುವಂತಹವು, ಒಂದು ಗಣಿಯ ಅಂಚಿನ ಸಂಗತಿಯನ್ನು ತಿಳಿಸಲು ಸಾಲವು. ಧನಬಾದಿನಲ್ಲಿಯೇ ಇರುವ, 1926ರಲ್ಲಿ ಸ್ಥಾಪನೆಯಾದ ಇಂಡಿಯನ್ ಸ್ಕೂಲ್ ಆಫ್ ಮೈನ್ಸ್ (ಈಗ ಐಐಟಿ) ಮತ್ತು ಕೇಂದ್ರೀಯ ಗಣಿ ಹಾಗೂ ಇಂಧನ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು ಈ ಪ್ರದೇಶದ ನೀರಿನ ಕುರಿತು ದೀರ್ಘಕಾಲದಿಂದ ಅಧ್ಯಯನ ನಡೆಸಿದ್ದಾರೆ.

ಬಾವಿಗಳ ಆಯ್ಕೆ

ಅಂತರ್ಜಲ ಹರಿದುಬರುವ ದಿಕ್ಕಿನಲ್ಲಿ, ಗಣಿಯ ಪ್ರಭಾವ ತಟ್ಟದ ಜಾಗದಲ್ಲಿ ಒಂದಾದರೂ ಬಾವಿ ಇರಬೇಕು. ಗಣಿಯನ್ನು ದಾಟಿ ನೀರು ಹರಿದುಹೋಗುವ ದಿಕ್ಕಿನಲ್ಲಿ ಹಲವು ಬಾವಿಗಳಿರಬೇಕು. ಮೊದಲನೆಯದಿಲ್ಲದೆ ಎರಡನೆಯದಕ್ಕೆ ಅರ್ಥವಿಲ್ಲ. ಮೇಲಿನ ಪದರಕ್ಕೆ ಒಂದು, ಆಳದ ಪದರಕ್ಕೆ ಒಂದು ಎಂದು ಬೇರೆಬೇರೆ ಪೀಜೋಮೀಟರ್‌ಗಳನ್ನು ಕೊರೆದು, ಒಂದು ಪದರದ ನೀರು ಇನ್ನೊಂದಕ್ಕೆ ಸೇರದಂತೆ ಕೊಳವೆಯ ಸುತ್ತ ಜೇಡಿಮಣ್ಣಿನಿಂದ ಮುಚ್ಚಬೇಕು. ಗಣಿ ಆರಂಭಕ್ಕೆ ಮೊದಲಿನ ಸ್ಥಿತಿಯ ದಾಖಲೆ ಎಲ್ಲಕ್ಕಿಂತ ಮುಖ್ಯ. ನೂರಕ್ಕೂ ಹೆಚ್ಚು ವರ್ಷಗಳಿಂದ ಅಗೆಯುತ್ತಿರುವ ಝರಿಯಾದಲ್ಲಿ ಅಂತಹ ದಾಖಲೆಯೇ ಇಲ್ಲ. ಅಲ್ಲಿ ಗಣಿಯಿಲ್ಲದ ನೆರೆಯ ಪ್ರದೇಶದ ಬಾವಿಗಳೊಡನೆ ಹೋಲಿಸಿ ನೋಡುವುದೊಂದೇ ದಾರಿ.

ಮಾದರಿ ಸಂಗ್ರಹ

ಪ್ರಯೋಗಾಲಯದ ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಬಾಟಲಿಯಲ್ಲಿ ತಂದ ನೀರು ಸರಿಯಿಲ್ಲದಿದ್ದರೆ ಫಲಿತಾಂಶ ಸುಳ್ಳಾಗುತ್ತದೆ. ಪೀಜೋಮೀಟರ್‌ನಲ್ಲಿ ತಿಂಗಳುಗಟ್ಟಲೆ ನಿಂತ ನೀರು ಜಲಧರದ ನೀರಲ್ಲ. ಕೊಳವೆಯಲ್ಲಿ ನಿಂತ ನೀರಿನ ಸುಮಾರು ಮೂರು ಪಟ್ಟನ್ನು ಎತ್ತಿಹಾಕಿ, ಪಿಎಚ್, ವಿದ್ಯುತ್ ವಾಹಕತೆ, ಉಷ್ಣತೆಗಳು ಒಂದೇ ಸಮನಾಗಿ ನಿಂತ ಮೇಲೆ ಮಾದರಿ ತೆಗೆಯಬೇಕು. ಮಟ್ಟವನ್ನು ಅಳೆಯುವುದು ಇದಕ್ಕೂ ಮೊದಲು. ಪಂಪು ಮಾಡಿದ ಮೇಲೆ ಅಳೆದ ಮಟ್ಟ ಉಪಯೋಗಕ್ಕೆ ಬಾರದು.

ಝರಿಯಾದಲ್ಲಿ ಚಾಪಾಕಲ್ ಎಂದು ಕರೆಯುವ ಕೈಪಂಪಿನಿಂದ ಮಾದರಿ ತೆಗೆಯುವಾಗ ಇನ್ನೊಂದು ಎಚ್ಚರ ಬೇಕು. ಹಳೆಯ ಕಬ್ಬಿಣದ ಕೊಳವೆಯ ತುಕ್ಕಿನಿಂದ ಕಬ್ಬಿಣವೂ, ಸತುವಿನ ಲೇಪನದಿಂದ ಸತುವೂ ನೀರಿಗೆ ಸೇರುತ್ತವೆ. ಮುಂಜಾನೆಯ ಮೊದಲ ಕೊಡದ ನೀರನ್ನು ಹಿಡಿದರೆ ಅಳೆಯುವುದು ಕೊಳವೆಯನ್ನೇ ಹೊರತು ನೆಲದೊಳಗಿನ ನೀರನ್ನಲ್ಲ. ಕುಡಿಯುವವರ ದೃಷ್ಟಿಯಿಂದ ಆ ಮೊದಲ ಕೊಡವೂ ಮುಖ್ಯವೇ. ಎರಡನ್ನೂ ಬೇರೆಬೇರೆಯಾಗಿ ದಾಖಲಿಸುವುದು ಸರಿಯಾದ ಕ್ರಮ.

ಪಿಎಚ್, ಉಷ್ಣತೆ, ಕರಗಿದ ಆಮ್ಲಜನಕಗಳನ್ನು ಸ್ಥಳದಲ್ಲಿಯೇ ನೋಡಬೇಕು. ಲೋಹಗಳಿಗಾಗಿ ತೆಗೆದ ಮಾದರಿಯನ್ನು 0.45 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಪಿಎಚ್ 2ಕ್ಕಿಂತ ಕಡಿಮೆಯಾಗುವಂತೆ ನೈಟ್ರಿಕ್ ಆಮ್ಲ ಬೆರೆಸಬೇಕು. ಬೆರೆಸದಿದ್ದರೆ ಕಬ್ಬಿಣವು ಬಾಟಲಿಯ ಒಳಗೋಡೆಗೆ ಅಂಟಿ, ಇತರ ಲೋಹಗಳನ್ನೂ ತನ್ನೊಡನೆ ಎಳೆದುಕೊಳ್ಳುತ್ತದೆ. ಆಗ ವರದಿಯಲ್ಲಿ ನೀರು ಶುದ್ಧವಾಗಿ ಕಾಣುತ್ತದೆ. ನೈಟ್ರೇಟ್‌ಗಾಗಿ ತೆಗೆದ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕಬಾರದೆಂಬುದನ್ನು ಹೇಳಬೇಕಾಗಿಲ್ಲ. ಉಳಿದ ಮಾದರಿಗಳನ್ನು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬೇಗನೆ ಪ್ರಯೋಗಾಲಯಕ್ಕೆ ತಲುಪಿಸಬೇಕು.

ಫಲಿತಾಂಶಗಳನ್ನು ಓದುವ ಬಗೆ

ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 10500:2012 ಆಧಾರ. ಅದರಲ್ಲಿ ಹಲವು ಅಂಶಗಳಿಗೆ ಎರಡು ಮಿತಿಗಳಿವೆ. ಮೊದಲನೆಯದು ಸ್ವೀಕಾರಾರ್ಹ ಮಿತಿ, ಎರಡನೆಯದು ಬೇರೆ ನೀರಿನ ಮೂಲವಿಲ್ಲದಿದ್ದಾಗ ಮಾತ್ರ ಒಪ್ಪಬಹುದಾದ ಮಿತಿ. ಮುಖ್ಯವಾದವು ಹೀಗಿವೆ (ಪಿಎಚ್ ಹೊರತು ಎಲ್ಲವೂ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ):

ಪಿಎಚ್: 6.5ರಿಂದ 8.5, ಸಡಿಲಿಕೆ ಇಲ್ಲ
ಒಟ್ಟು ಕರಗಿದ ಘನವಸ್ತು: 500, 2000
ಒಟ್ಟು ಗಡಸುತನ: 200, 600
ಸಲ್ಫೇಟ್: 200, 400
ಕ್ಲೋರೈಡ್: 250, 1000
ನೈಟ್ರೇಟ್: 45, ಸಡಿಲಿಕೆ ಇಲ್ಲ
ಫ್ಲೋರೈಡ್: 1.0; 1.5
ಮ್ಯಾಂಗನೀಸ್: 0.1, 0.3

ಸಲ್ಫೇಟ್‌ಗೆ 400ರವರೆಗಿನ ಸಡಿಲಿಕೆಯು ಮೆಗ್ನೀಸಿಯಂ 30 ಮಿಲಿಗ್ರಾಂ ಮೀರದಿದ್ದಾಗ ಮಾತ್ರ. ವರದಿಗಳಲ್ಲಿ ಎರಡನೆಯ ಮಿತಿಯನ್ನೇ ಮುಂದಿಟ್ಟು "ಮಿತಿಯೊಳಗಿದೆ" ಎಂದು ಬರೆಯುವುದು ಸಾಮಾನ್ಯ. ಗಡಸುತನ 580 ಇದ್ದರೂ ಆ ಮಾತು ಅಕ್ಷರಶಃ ಸುಳ್ಳಲ್ಲ. ಆದರೆ ಬೇರೆ ಮೂಲವಿಲ್ಲವೆಂಬ ಷರತ್ತನ್ನು ಅದು ಮರೆಮಾಚುತ್ತದೆ. ಓದುಗರು ಯಾವ ಮಿತಿ ಎಂದು ಮೊದಲು ನೋಡಬೇಕು.

ಅಂಕಿಗಳು ನಂಬಲರ್ಹವೇ ಎಂದು ತಿಳಿಯಲು ಸುಲಭವಾದ ಒಂದು ಪರೀಕ್ಷೆ ಇದೆ. ನೀರಿನಲ್ಲಿ ಧನ ಮತ್ತು ಋಣ ಅಯಾನುಗಳ ವಿದ್ಯುದಂಶ ಸಮವಾಗಿರಲೇಬೇಕು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂಗಳ ಮೊತ್ತವನ್ನೂ ಬೈಕಾರ್ಬೊನೇಟ್, ಸಲ್ಫೇಟ್, ಕ್ಲೋರೈಡ್, ನೈಟ್ರೇಟ್‌ಗಳ ಮೊತ್ತವನ್ನೂ ತುಲ್ಯಾಂಕಗಳಲ್ಲಿ ಲೆಕ್ಕ ಹಾಕಿದಾಗ ವ್ಯತ್ಯಾಸ ಶೇ. 5ರ ಆಸುಪಾಸಿನಲ್ಲಿರಬೇಕು. ಬಹಳ ಹೆಚ್ಚಿದ್ದರೆ ಎಲ್ಲೋ ತಪ್ಪಿದೆ. ಪದವಿಪೂರ್ವ ತರಗತಿಯ ರಸಾಯನಶಾಸ್ತ್ರ ಬಲ್ಲ ವಿದ್ಯಾರ್ಥಿಯೂ ಇದನ್ನು ಮಾಡಿ ನೋಡಬಹುದು.

ಒಂದೇ ಸಲದ ಅಂಕಿಗಿಂತ ಹಲವು ವರ್ಷಗಳ ಏರಿಳಿತ ಹೆಚ್ಚು ತಿಳಿಸುತ್ತದೆ. ಹೋಲಿಸುವಾಗ ಮೇ ತಿಂಗಳನ್ನು ಮೇ ತಿಂಗಳೊಡನೆಯೇ ಹೋಲಿಸಬೇಕು. ಸಲ್ಫೇಟ್ ಇನ್ನೂ ಮಿತಿಯೊಳಗಿದ್ದರೂ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಅದು ಗಣಿಯ ನೀರು ಬಾವಿಯತ್ತ ಬರುತ್ತಿರುವುದರ ಮುನ್ಸೂಚನೆ. ಸಲ್ಫೇಟ್ ಮಣ್ಣಿನಲ್ಲಿ ಹೆಚ್ಚು ಅಂಟಿಕೊಳ್ಳದೆ ನೀರಿನೊಡನೆ ಸಾಗುವುದರಿಂದ ಲೋಹಗಳಿಗಿಂತ ಮೊದಲೇ ಕಾಣಿಸಿಕೊಳ್ಳುತ್ತದೆ.

ಗಣಿನೀರಿನ ಬಳಕೆ

ಹೊರಹಾಕಿದ ಗಣಿನೀರು ವ್ಯರ್ಥವೇನಲ್ಲ. ಧೂಳು ಅಡಗಿಸಲು, ಕಲ್ಲಿದ್ದಲು ತೊಳೆಯಲು, ಹೊಲಗಳಿಗೆ ಮತ್ತು ಶುದ್ಧೀಕರಿಸಿ ಊರುಗಳಿಗೆ ಕೊಡಲು ಅದನ್ನು ಬಳಸಲಾಗುತ್ತಿದೆ. ಮರಳಿನ ಶೋಧಕ ಮತ್ತು ಕ್ಲೋರಿನ್ ಕೆಸರನ್ನೂ ರೋಗಾಣುಗಳನ್ನೂ ನಿವಾರಿಸುತ್ತವೆ, ಗಡಸುತನ ಮತ್ತು ಸಲ್ಫೇಟನ್ನು ನಿವಾರಿಸುವುದಿಲ್ಲ. ಅದಕ್ಕೆ ರಿವರ್ಸ್ ಆಸ್ಮೋಸಿಸ್‌ನಂತಹ ವಿಧಾನ ಬೇಕು. ಬೇಸಿಗೆಯಲ್ಲಿ ಬಾವಿ ಬತ್ತಿದ ಬಸ್ತಿಯ ಹೆಂಗಸರಿಗೆ ಗಣಿಯ ಕೊಳವೆಯ ನೀರೇ ಹತ್ತಿರದ ನೀರು. ಆದ್ದರಿಂದ ಆ ನೀರನ್ನು ಹೊರಹರಿವಿನ ಮಾನದಂಡದಿಂದಲ್ಲದೆ ಕುಡಿಯುವ ನೀರಿನ ಮಾನದಂಡದಿಂದಲೇ ಪರೀಕ್ಷಿಸುವುದು ಅಗತ್ಯ.

ಕೊರತೆಗಳು

ಈ ವ್ಯವಸ್ಥೆಯ ದೊಡ್ಡ ಕೊರತೆಯೆಂದರೆ ಅಳೆಯಲ್ಪಡುವವನೇ ಅಳೆಯುವವನಿಗೆ ಹಣ ಕೊಡುವುದು. ಪ್ರಯೋಗಾಲಯಗಳಿಗೆ ಮಾನ್ಯತೆ ಇದ್ದರೂ ಯಾವ ಬಾವಿ, ಯಾವ ದಿನ ಎಂಬ ಆಯ್ಕೆ ಗಣಿ ಸಂಸ್ಥೆಯ ಕೈಯಲ್ಲಿರುತ್ತದೆ. ಎರಡನೆಯದಾಗಿ, ವರದಿಗಳು ಇಂಗ್ಲಿಷಿನಲ್ಲಿ, ಕೋಷ್ಟಕಗಳ ರೂಪದಲ್ಲಿ ಇರುತ್ತವೆ. ಯಾರ ಬಾವಿಯ ನೀರನ್ನು ಬಾಟಲಿಯಲ್ಲಿ ಕೊಂಡೊಯ್ದರೋ ಆ ಮನೆಯವರಿಗೆ ಹಿಂದಿಯಲ್ಲಾಗಲಿ ಸ್ಥಳೀಯ ಖೋರ್ಠಾ ನುಡಿಯಲ್ಲಾಗಲಿ ಫಲಿತಾಂಶ ತಿಳಿಸಬೇಕೆಂಬ ಕಟ್ಟುಪಾಡು ಷರತ್ತುಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಬೆಂಕಿ ಮತ್ತು ಕುಸಿತದ ಪ್ರದೇಶಗಳ ಜನರನ್ನು ಸ್ಥಳಾಂತರಿಸಲು 2009ರಲ್ಲಿ ಒಪ್ಪಿಗೆಯಾದ ಝರಿಯಾ ಮಾಸ್ಟರ್ ಪ್ಲಾನ್ ಜಾರಿಯಾದಂತೆ ಹಳೆಯ ಬಾವಿಗಳು ಕೈಬಿಟ್ಟುಹೋಗುತ್ತವೆ, ಜೊತೆಗೆ ಅವುಗಳ ದಾಖಲೆಯ ಸರಣಿಯೂ ಕಡಿದುಹೋಗುತ್ತದೆ.

ಗಣಿ ಮುಚ್ಚಿದ ಮೇಲೆ

ಪಂಪು ನಿಲ್ಲಿಸಿದಾಗ ನೀರು ಮತ್ತೆ ಏರತೊಡಗುತ್ತದೆ. ವರ್ಷಗಟ್ಟಲೆ ಗಾಳಿಗೆ ಒಡ್ಡಿಕೊಂಡಿದ್ದ ಸುರಂಗದ ಗೋಡೆಗಳ ಮೇಲೆ ಕೂತಿದ್ದ ಲವಣಗಳೆಲ್ಲ ಆಗ ಒಮ್ಮೆಲೇ ಕರಗುವುದರಿಂದ ಗಣಿ ನಡೆಯುತ್ತಿದ್ದಾಗ ಇದ್ದುದಕ್ಕಿಂತ ಕೆಟ್ಟ ನೀರು ಮೊದಲ ಕೆಲವು ವರ್ಷ ಬರಬಹುದು. ಇಂಗ್ಲೆಂಡಿನ ಡರಮ್ ಪ್ರದೇಶದಲ್ಲಿ ಗಣಿಗಳು ಮುಚ್ಚಿ ದಶಕಗಳಾದರೂ ಕುಡಿಯುವ ನೀರಿನ ಜಲಧರವನ್ನು ಕಾಪಾಡಲು ಇಂದಿಗೂ ಪಂಪು ನಡೆಯುತ್ತಿದೆ. ಜರ್ಮನಿಯ ರೂರ್ ಪ್ರದೇಶದ ಕೊನೆಯ ಕಲ್ಲಿದ್ದಲು ಗಣಿ 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. ಅಲ್ಲಿ ಗಣಿನೀರನ್ನು ನಿರಂತರವಾಗಿ ಎತ್ತುವ ವೆಚ್ಚಕ್ಕಾಗಿಯೇ ಒಂದು ಪ್ರತಿಷ್ಠಾನವಿದೆ. ಝರಿಯಾದಲ್ಲಿ ಹಳೆಯ ಗಣಿಗಳು ಒಂದರೊಳಗೊಂದು ಕೂಡಿಕೊಂಡಿರುವುದರಿಂದ ಒಂದು ಗಣಿಯ ಪಂಪು ನಿಲ್ಲಿಸಿದರೆ ನೆರೆಯ ಗಣಿಯ ಒಳಹರಿವು ಹೆಚ್ಚುತ್ತದೆ.

ಕರ್ನಾಟಕದ ಸಂಬಂಧ

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ರಾಯಚೂರಿನ ಶಕ್ತಿನಗರ ಮೊದಲಾದ ಉಷ್ಣವಿದ್ಯುತ್ ಸ್ಥಾವರಗಳು ಹೊರರಾಜ್ಯಗಳ ಕಲ್ಲಿದ್ದಲನ್ನು ಅವಲಂಬಿಸಿವೆ. ಕರ್ನಾಟಕ ವಿದ್ಯುತ್ ನಿಗಮಕ್ಕೆ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜ್ ಗಣಿಗಳು ಹಂಚಿಕೆಯಾಗಿವೆ. ಅಲ್ಲಿನ ಬಾವಿಗಳಿಗೂ ಇದೇ ಬಗೆಯ ಮೇಲ್ವಿಚಾರಣೆ ಅನ್ವಯಿಸುತ್ತದೆ. ರಾಜ್ಯದೊಳಗೆ ಇದಕ್ಕೆ ಹೋಲುವ ಪ್ರಶ್ನೆ ಇರುವುದು ಕೋಲಾರ ಚಿನ್ನದ ಗಣಿಯಲ್ಲಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿನ ಆಳವಾದ ಸುರಂಗಗಳಲ್ಲಿ ನೀರು ತುಂಬಿದೆ, ಊರಿನ ನಡುವೆಯೇ ಸೈನೈಡ್ ಗುಡ್ಡಗಳು ಎಂದು ಕರೆಯುವ ಅದಿರಿನ ಹುಡಿಯ ರಾಶಿಗಳು ನಿಂತಿವೆ.